ಓದುಗರ ಸ್ಪಂದನ: ಬೆಲ್ಲದ ಡಬ್ಬಕ್ಕೆ ಬೀಗ ಹಾಕಬೇಕೇ?

ಶಿರಸಿ ಹತ್ತಿರದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು: 'ಅಪ್ಪಯ್ಯನಿಗೆ 76 ವರ್ಷ. ಶುಗರ್ ಹಳೆಯದು. ಕದ್ದು ಜೋನಿಬೆಲ್ಲ ತಿನ್ನುತ್ತಾರೆ. ಡಬ್ಬ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಈಗ ನನ್ನ ಹತ್ತಿರ ಮಾತೇ ಬಿಟ್ಟಿದ್ದಾರೆ. ಏನು ಮಾಡಲಿ?' ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನನಗೂ 70 ದಾಟಿದೆ, ಶುಗರ್ ಇದೆ. ನಿಮ್ಮ ಅಪ್ಪ ಕಳ್ಳರಲ್ಲ. ಆ ಮನೆಯ ಯಜಮಾನರು. ಮೊದಲು ಬೀಗ ತೆಗೆಯಿರಿ.
– ನಿವೃತ್ತ ಮಾಸ್ತರರು, ಹೊನ್ನಾವರ

*ಮುಂದಿನ ಪತ್ರವನ್ನು ಕತ್ತರಿಸಲು ಮನಸ್ಸಾಗಲಿಲ್ಲ.*

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲೂ ಹೀಗೇ ಇತ್ತು. ಊಟಕ್ಕೆ ಕೂತರೆ ಅಣ್ಣನ ಕಣ್ಣು ಅಪ್ಪಯ್ಯನ ಬಾಳೆಯ ಮೇಲೆ. ತೊಡದೇವು ಒಂದು ಚೂರು ಮುರಿದರೂ ನೆಂಟರ ಎದುರೇ ಬೈಗುಳ. ಆಲೆಮನೆ ಕಡೆಗೂ ಬಿಡುತ್ತಿರಲಿಲ್ಲ. ಅಪ್ಪಯ್ಯ ಎದುರು ಮಾತಾಡುವವರಲ್ಲ. ಸುಮ್ನೆ ಎದ್ದು ತೋಟಕ್ಕೆ ಹೋಗುತ್ತಿದ್ದರು, ಬರಿಗಾಲಲ್ಲಿ.

ಒಂದು ಮಳೆಗಾಲ ಅಂಗಾಲಿಗೆ ಬಿದಿರುಮುಳ್ಳು ಚುಚ್ಚಿತು. ಶುಗರ್ ಹಳೆಯದಾದರೆ ಪಾದದ ನರಗಳು ಸೋತು ನೋವು ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಅಪ್ಪಯ್ಯನಿಗೆ ತಿಳಿದದ್ದೇ ತಡವಾಗಿ. ತಿಳಿದ ಮೇಲೂ ಹೇಳಲಿಲ್ಲ, ಪಂಚೆ ಇಳಿಬಿಟ್ಟು ಮುಚ್ಚಿಕೊಂಡರು. ವಾಸನೆ ಬಂದಾಗಲೇ ಆಯಿಗೆ ಗೊತ್ತಾಗಿದ್ದು. ಹುಬ್ಬಳ್ಳಿಗೆ ಒಯ್ದೆವು. ಎರಡು ಬೆರಳು ತೆಗೆದರು. 'ಯಾಕೆ ಹೇಳಲಿಲ್ಲ ಅಪ್ಪಯ್ಯ?' ಅಂದೆ. 'ಮತ್ತೆ ಬೆಲ್ಲದ ಸುದ್ದಿ ತೆಗೀತಿದ್ರಲ್ಲೇ ಕೂಸೇ' ಅಂದರು.

ಅಪ್ಪಯ್ಯ ಈಗಿಲ್ಲ. ಅಣ್ಣನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ನೀವು ದಿನಾ ರಾತ್ರಿ ಅವರ ಕಾಲು ತೊಳೆದು, ಒರೆಸಿ, ಅಂಗಾಲು, ಬೆರಳ ಸಂದು ನೋಡಿ. ತೋಟಕ್ಕೆ ಹೊರಟರೆ ಚಪ್ಪಲಿ ಮೆಟ್ಟಿಸಿ ಕಳಿಸಿ. ಆ ಹೊತ್ತಿಗೆ ಮಾತ್ರ ಬೆಲ್ಲದ ಸುದ್ದಿ ಎತ್ತಬೇಡಿ.
– ಮಗಳು, ಸಿದ್ದಾಪುರ

ಬೀಗ ಇರಲಿ. ಕಿಡ್ನಿ ಹೋದ ಮಾವನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವವನು ನಾನು. ಮುನಿಸು ಇಳಿಯುತ್ತದೆ, ಕಿಡ್ನಿ ತಿರುಗಿ ಬರುವುದಿಲ್ಲ.
– ಅಳಿಯ, ಭಟ್ಕಳ

*ಇವರ ಸಂಕಟ ಸಣ್ಣದಲ್ಲ. ಆದರೂ ಕಾರವಾರದ ಈ ಪತ್ರವನ್ನು ಎಲ್ಲರೂ ಓದಬೇಕು.*

ನಾನು ನರ್ಸ್. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಶುಗರ್ ತೀರಾ ಇಳಿಯಬಹುದು. ಏಕಾದಶಿ ಉಪವಾಸದಲ್ಲೂ ಹೀಗಾಗುತ್ತದೆ. ಬೆವರು, ನಡುಕ ಬರುತ್ತದೆ. ವಯಸ್ಸಾದವರು ಬರೀ ತಬ್ಬಿಬ್ಬಾಗಿ ಏನೇನೋ ಮಾತಾಡಲೂಬಹುದು. ಶುಗರ್ 70 mg/dLಗಿಂತ ಕೆಳಗೆ ಬಂದರೆ ಮೂರು ಸಣ್ಣ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ನಡುರಾತ್ರಿ ಅವರ ಕೈಗೆ ಸಿಗಬೇಕಾದ ಸಿಹಿಯೂ ಬೀಗದೊಳಗಿದ್ದರೆ ಹೇಗೆ? ಇನ್ನೊಂದು ಮಾತು. ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ HbA1c ಪರೀಕ್ಷೆಯ ಅಂಕಿ ಎಲ್ಲರಿಗೂ 7ರ ಒಳಗೇ ಇರಬೇಕೆಂದಿಲ್ಲ. ವಯಸ್ಸಾಗಿ ಬೇರೆ ಕಾಯಿಲೆಗಳೂ ಇದ್ದವರಿಗೆ 8ರ ತನಕ ಸಾಕು ಅಂತ ವೈದ್ಯರು ಹೇಳುವುದುಂಟು. ಅಪ್ಪಯ್ಯನನ್ನೂ ಜೊತೆಗೆ ಕೂರಿಸಿಕೊಂಡು ಕೇಳಿ.
– ನರ್ಸ್, ಕಾರವಾರ

ಬೆಲ್ಲ ಮಾತ್ರ ಯಾಕೆ ನೋಡುತ್ತೀರಿ? ಅನ್ನ ಎಷ್ಟು ಹಾಕುತ್ತೀರಿ? ನಮ್ಮ ಅತ್ತೆಗೆ ಕುಚಲಕ್ಕಿ ಅನ್ನ ಅರ್ಧ ಮಾಡಿ ಬಸಳೆ, ಹೆಸರುಕಾಳು, ಬಂಗಡೆ ಜಾಸ್ತಿ ಮಾಡಿದೆವು. ಇಶಾಡ್ ಮಾವಿನ ಕಾಲದಲ್ಲಿ ಎರಡು ಹೋಳು ಕೊಡುತ್ತೇವೆ, ಆ ಹೊತ್ತು ಅನ್ನ ಇನ್ನೂ ಕಡಿಮೆ. ಕದಿಯುವ ಪ್ರಶ್ನೆಯೇ ಬರಲಿಲ್ಲ.
– ಸೊಸೆ, ಅಂಕೋಲಾ

ಬೆಂಗಳೂರಿನಿಂದ ಫೋನ್ ಮಾಡಿ ಬುದ್ಧಿ ಹೇಳುವ ನಾದಿನಿಯರ ಬಗ್ಗೆಯೂ ಬರೆಯಿರಿ. ಮಾವನಿಗೆ ಸೂಜಿ ಚುಚ್ಚುವವಳು ಊಟ ಮಾಡಿದಳಾ ಅಂತ ಯಾರೂ ಕೇಳುವುದಿಲ್ಲ.
– ಯಲ್ಲಾಪುರ

*ಈ ಕೊನೆಯ ಪತ್ರದ ವಿಷಯಕ್ಕೆ ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇವೆ. ಹೆಸರು ಹಾಕುವುದಿಲ್ಲ, ಧೈರ್ಯವಾಗಿ ಬರೆಯಿರಿ. – ಸಂ.*