ಮೊದಲ ಹಗುರ ಕಿಟ್ ಕಾರು: ಕೇಟರ್‌ಹ್ಯಾಮ್, ವೆಸ್ಟ್‌ಫೀಲ್ಡ್, ಇಲ್ಲಾ ಕಿಟ್ ತಂದು ಕಟ್ಟೋದಾ?

ಹೊಸಬ_ಎಂಕೆ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೀನಿ. ಲೋಟಸ್ ಸೆವೆನ್ ಮಾದರಿಯ ಹಗುರ ಕಿಟ್ ಕಾರು (ಭಾಗಗಳ ಕಿಟ್ ತಂದು ಕೈಯಾರೆ ಕಟ್ಟುವ ಎರಡು ಸೀಟಿನ ತೆರೆದ ಕಾರು) ತಗೋಬೇಕು ಅಂತಿದ್ದೀನಿ. ಬಜೆಟ್ 17,000 ಪೌಂಡ್, ಇನ್ಶೂರೆನ್ಸ್ ಇದರ ಮೇಲೆ. ಎತ್ತರ 6 ಅಡಿ 1 ಇಂಚು, ತೂಕ 92 ಕೆಜಿ, ಶೂ ಸೈಜ್ 11. ಒಂದು ಕಾರು ಹಿಡಿಸುವ ಗ್ಯಾರೇಜ್ ಇದೆ. ಭಾನುವಾರ ಬೆಳಿಗ್ಗೆ ಹಳ್ಳಿ ರಸ್ತೆಗಳಲ್ಲಿ ಓಡಿಸೋಕೆ, ವರ್ಷಕ್ಕೆ ಎರಡು ಮೂರು ಟ್ರ್ಯಾಕ್ ಡೇಗೆ (ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ದಿನ).

ಮೂರು ದಾರಿ ಕಾಣ್ತಿದೆ. ರೋವರ್ ಕಂಪನಿಯ 1.6 ಕೆ-ಸೀರೀಸ್ ಎಂಜಿನ್ನಿನ ಹಳೇ ಕೇಟರ್‌ಹ್ಯಾಮ್, ಫೋರ್ಡ್ ಕಂಪನಿಯ ಝೀಟೆಕ್ ಎಂಜಿನ್ನಿನ ವೆಸ್ಟ್‌ಫೀಲ್ಡ್, ಅಥವಾ ಮಾಜ್ದಾ ಎಂಎಕ್ಸ್-5 ಬಿಚ್ಚಿ ಅದರ ಭಾಗಗಳಿಂದ ಹೊಸ ಕಿಟ್ ಕಟ್ಟೋದು. ಬೈಕ್ ಎಂಜಿನ್ ಹಾಕಿದ್ದೂ ಕೆಲವು ಮಾರಾಟಕ್ಕಿವೆ. ನೋಡೋಕೆ ಹೋದಾಗ ಏನೇನು ಪರೀಕ್ಷಿಸಬೇಕು? ನಾಲ್ಕೈದು ವರ್ಷದ ನಂತರ ಬೆಂಗಳೂರಿಗೆ ವಾಪಸ್ ಹೋಗುವಾಗ ಕಾರನ್ನೂ ಒಯ್ಯೋಕಾಗುತ್ತಾ?

ಸ್ಪ್ಯಾನರ್_ಪೆಟ್ಟಿಗೆ:

ಎಂಜಿನ್ ವಿಷಯ ಆಮೇಲೆ. ಮೊದಲು ಕಾರಿನೊಳಗೆ ಕೂತು ನೋಡಿ. ನಿಮ್ಮ ಎತ್ತರಕ್ಕೆ ಅರ್ಧ ಪಟ್ಟಿ ಅಲ್ಲೇ ಕಳಚುತ್ತೆ.

ಕೇಟರ್‌ಹ್ಯಾಮ್‌ನಲ್ಲಿ ಎರಡು ಚಾಸಿ (ಕಾರಿನ ಮೂಲ ಚೌಕಟ್ಟು) ಇವೆ: ಕಿರಿದಾದ ಎಸ್3, ಅದಕ್ಕಿಂತ ಸುಮಾರು 110 ಮಿಮೀ ಅಗಲವಾದ ಎಸ್‌ವಿ. ಎಸ್‌ವಿ ಬಂದಿದ್ದು 2000ದ ಆಸುಪಾಸಿನಲ್ಲಿ, ಹಾಗಾಗಿ ನಿಮ್ಮ ಬಜೆಟ್ಟಿನಲ್ಲಿ ಹೆಚ್ಚು ಕಣ್ಣಿಗೆ ಬೀಳೋದು ಎಸ್3. ಎಸ್3ನಲ್ಲಿ 6 ಅಡಿ 1 ಇಂಚಿನವರು ಕೂರಬಹುದು, ಆದರೆ ನೆಲ ತಗ್ಗಿಸಿದ ಚಾಸಿ ಇದ್ದರೆ ಮಾತ್ರ ಆರಾಮ. ಮಾರುವವರಿಗೆ ಫೋನ್ ಮಾಡಿದಾಗಲೇ ಇದನ್ನು ಕೇಳಿ.

ಹೋಗುವಾಗ ಹೆಲ್ಮೆಟ್ ಜೊತೆಗಿರಲಿ, ಅಡಿ ತೆಳುವಾದ ಕಿರಿದಾದ ಶೂ ಹಾಕಿಕೊಳ್ಳಿ. ಬೆಲ್ಟ್ ಬಿಗಿದು ಕೂತ ಮೇಲೆ ರೋಲ್ ಬಾರಿನ (ಕಾರು ಮಗುಚಿದರೆ ತಲೆ ಕಾಯುವ ಕಮಾನು) ತುದಿಯಿಂದ ಸ್ಕಟಲ್‌ಗೆ, ಅಂದ್ರೆ ಡ್ಯಾಶ್‌ಬೋರ್ಡಿನ ಮೇಲಿನ ಹಲಗೆಗೆ, ಒಂದು ನೇರ ಕೋಲು ಇಟ್ಟು ಯಾರಾದರೂ ಪಕ್ಕದಿಂದ ನೋಡಲಿ. ಹೆಲ್ಮೆಟ್ ಆ ಗೆರೆಗಿಂತ ಕನಿಷ್ಠ 50 ಮಿಮೀ ಕೆಳಗಿರಬೇಕು. ಮೇಲೆ ಬಂದರೆ ಆ ರೋಲ್ ಬಾರ್ ನಿಮ್ಮನ್ನು ಕಾಯಲ್ಲ. ಎತ್ತರದ ಬಾರ್ ಹಾಕಿಸಬೇಕು, ಇಲ್ಲವೇ ಸೀಟು ತೆಗೆದು ತೆಳು ಫೋಮ್ ಮೇಲೆ ಕೂರಬೇಕು. ಆಮೇಲೆ ಪೆಡಲ್. ಬ್ರೇಕ್ ಒತ್ತುವಾಗ ಶೂ ಅಂಚು ಆಕ್ಸಿಲರೇಟರಿಗೂ ತಾಗಿದರೆ ಅಪಾಯ. ಕ್ಲಚ್ ಬಿಟ್ಟ ಪಾದ ಇಡೋಕೆ ಜಾಗ ಇದೆಯಾ ಅದನ್ನೂ ನೋಡಿ. ಸೈಜ್ 11ಕ್ಕೆ ಎಸ್3 ಪೆಡಲ್ ಬಾಕ್ಸ್ ಇಕ್ಕಟ್ಟು.

ಕಟ್ಟೋದಾ ಕೊಳ್ಳೋದಾ ಅಂದ್ರೆ, ಮೊದಲ ಕಾರಿಗೆ ಕಟ್ಟಿ ನೋಂದಣಿಯಾದದ್ದನ್ನೇ ಕೊಳ್ಳಿ. ಕೇಟರ್‌ಹ್ಯಾಮ್ ಹೊಸ ಕಿಟ್ಟಿಗೆ ಸುಮಾರು 100 ಗಂಟೆ ಸಾಕು, ಯಾಕಂದ್ರೆ ಎಲ್ಲಾ ಭಾಗಗಳೂ ಹೊಸವು, ಒಂದಕ್ಕೊಂದು ಕೂರುವಂಥವು. ಎಂಎಕ್ಸ್-5 ಬಿಚ್ಚಿ ಕಟ್ಟುವ ಕೆಲಸ ಕೆಲವು ನೂರು ಗಂಟೆ ನುಂಗುತ್ತೆ. ಅದರಲ್ಲಿ ದೊಡ್ಡ ಪಾಲು ತುಕ್ಕು ಹಿಡಿದ ಬೋಲ್ಟ್ ಬಿಚ್ಚೋದು, ಹಬ್ ಉಜ್ಜಿ ಬಣ್ಣ ಹಚ್ಚೋದು, ವೈರಿಂಗ್ ಲೂಮಿನಿಂದ (ತಂತಿಗಳ ಕಟ್ಟು) ಬೇಡದ ತಂತಿ ತೆಗೆಯೋದು. ಬಿಚ್ಚಿದ ಎಂಎಕ್ಸ್-5, ಚಾಸಿ, ಬಾಡಿ ತುಂಡುಗಳು ಒಂದೇ ಕಾರಿನ ಗ್ಯಾರೇಜಿನಲ್ಲಿ ಒಟ್ಟಿಗೆ ಹಿಡಿಸೋದೂ ಇಲ್ಲ.

ಚಾಸಿ_ನೋಡಿ:

ಮೇಲಿನವರ ಮಾತಿಗೆ ಪೂರ್ತಿ ಒಪ್ಪಿಗೆ. ನಾನು ಪರೀಕ್ಷೆಯ ಬಗ್ಗೆ ಬರೀತೀನಿ. ಇಂಥ ಕಾರಿನಲ್ಲಿ ಬ್ಯಾಡ್ಜ್‌ಗಿಂತ ಕಟ್ಟಿದವರ ಕೈ ಮುಖ್ಯ. ಒಂದೇ ಕಿಟ್ಟಿನಿಂದ ಇಬ್ಬರು ಕಟ್ಟಿದ ಎರಡು ಕಾರುಗಳಿಗೆ ಅಜಗಜಾಂತರ ಇರುತ್ತೆ.

ಬಾನೆಟ್ ತೆಗೆದ ತಕ್ಷಣ ಎಂಜಿನ್ ನೋಡಬೇಡಿ, ಬ್ರೇಕ್ ಪೈಪ್ ಮತ್ತು ತಂತಿಗಳನ್ನು ನೋಡಿ. ಸುಮಾರು 300 ಮಿಮೀಗೊಂದು ಕ್ಲಿಪ್ ಹಾಕಿ ಹಿಡಿದಿರಬೇಕು. ಚಾಸಿ ಕೊಳವೆ ದಾಟುವ ಕಡೆ ರಬ್ಬರ್ ಗ್ರೊಮೆಟ್ ಇರಬೇಕು. ನೈಲಾಕ್ ನಟ್‌ನಿಂದ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಬೋಲ್ಟಿನ ಎಳೆ ಒಂದೆರಡು ಸುತ್ತು ಹೊರಗೆ ಕಾಣಬೇಕು. ಸ್ಕಾಚ್ ಲಾಕ್ (ತಂತಿ ಕತ್ತರಿಸದೆ ಮೇಲೆ ಒತ್ತಿ ಸೇರಿಸುವ ಕ್ಲಿಪ್) ಒತ್ತಿದ ತಂತಿ, ಇನ್ಸುಲೇಶನ್ ಟೇಪ್ ಸುತ್ತಿದ ಜಂಟಿ, ಒಂದೇ ಫ್ಯೂಸಿಗೆ ನಾಲ್ಕು ಸರ್ಕ್ಯೂಟ್ ಕಂಡರೆ ಕಣ್ಣಿಗೆ ಕಾಣದ ಜಾಗದಲ್ಲೂ ಅದೇ ಕೈ ಕೆಲಸ ಮಾಡಿದೆ ಅಂತ ತಿಳ್ಕೊಳ್ಳಿ.

ಆಮೇಲೆ ಚಾಸಿ. ಉಕ್ಕಿನ ಕೊಳವೆಗೆ ಅಲ್ಯೂಮಿನಿಯಂ ಹಾಳೆ ರಿವೆಟ್ ಮಾಡಿರ್ತಾರೆ. ಎರಡು ಲೋಹದ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತೆ, ಅದರಡಿ ಪೌಡರ್ ಕೋಟಿಂಗ್ ಎದ್ದು ಕೊಳವೆಗೆ ತುಕ್ಕು ಹಿಡಿಯುತ್ತೆ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಸುರಿಯೋದರಿಂದ ವರ್ಷಪೂರ್ತಿ ಓಡಿಸಿದ ಕಾರಿನಲ್ಲಿ ಇದು ಜಾಸ್ತಿ. ಪೆಡಲ್ ಬಾಕ್ಸ್ ಕೆಳಗೆ, ಹಿಂದಿನ ರೇಡಿಯಸ್ ಆರ್ಮ್ (ಹಿಂದಿನ ಆಕ್ಸಲನ್ನು ಚಾಸಿಗೆ ಹಿಡಿಯುವ ಉದ್ದ ತೋಳು) ಸೇರುವ ಕಡೆ, ಸೀಟಿನ ಹಿಂದಿನ ಮೂಲೆಗಳಲ್ಲಿ ಟಾರ್ಚ್ ಬಿಟ್ಟು ನೋಡಿ. ಕೋಟಿಂಗ್ ಎದ್ದ ಕಡೆ ಬೆರಳುಗುರಿನಿಂದ ಒತ್ತಿದರೆ ಪದರ ಪದರವಾಗಿ ಏಳುತ್ತೆ. ವೆಸ್ಟ್‌ಫೀಲ್ಡ್ ಬಾಡಿ ಹೆಚ್ಚಾಗಿ ಫೈಬರ್‌ಗ್ಲಾಸ್, ಅದು ತುಕ್ಕು ಹಿಡಿಯಲ್ಲ. ಆದರೆ ಒಳಗಿನ ಕೊಳವೆಯನ್ನು ಮುಚ್ಚಿಡುತ್ತೆ, ಅದಕ್ಕೇ ಅಡಿಯಿಂದ ನೋಡಲೇಬೇಕು.

ಗುದ್ದಿದ ಕಾರು ಹಿಡಿಯೋಕೆ ಒಂದು ಟೇಪ್ ಸಾಕು. ಎಡಗಡೆ ಮುಂದಿನ ಕೆಳ ವಿಷ್‌ಬೋನ್ (ಚಕ್ರವನ್ನು ಚಾಸಿಗೆ ಹಿಡಿಯುವ ವಿ ಆಕಾರದ ತೋಳು) ಕೂರುವ ಬ್ರ್ಯಾಕೆಟ್ಟಿನಿಂದ ಬಲಗಡೆ ಹಿಂದಿನ ರೇಡಿಯಸ್ ಆರ್ಮ್ ಬ್ರ್ಯಾಕೆಟ್ಟಿಗೆ ಕರ್ಣ ಅಳೆಯಿರಿ, ಆಮೇಲೆ ಇನ್ನೊಂದು ಕರ್ಣ. 5 ಮಿಮೀಗಿಂತ ಹೆಚ್ಚು ವ್ಯತ್ಯಾಸ ಬಂದರೆ ವಿವರಣೆ ಕೇಳಿ, ಇಲ್ಲವೇ ಅಲ್ಲಿಂದ ಎದ್ದು ಬನ್ನಿ. ಚಾಸಿಗೆ ಬೆಸೆದ ಬಿಂದುಗಳನ್ನೇ ಹಿಡಿದು ಅಳೆಯಬೇಕು, ಚಕ್ರದಿಂದ ಅಳೆದರೆ ಅಲೈನ್‌ಮೆಂಟ್ ಹೊಂದಿಕೆಯ ವ್ಯತ್ಯಾಸವೂ ಸೇರಿಬಿಡುತ್ತೆ. ಅಲ್ಯೂಮಿನಿಯಂ ಪಕ್ಕದ ಹಾಳೆಯಲ್ಲಿ ಮುಂದಿನ ಚಕ್ರದ ಹಿಂದೆ ಅಲೆಯಂಥ ಸುಕ್ಕಿದ್ದರೂ ಅದೇ ಅರ್ಥ.

ಡಿ ಡಿಯಾನ್ (ಹಿಂದಿನ ಎರಡು ಚಕ್ರಗಳನ್ನು ಒಂದು ಕೊಳವೆ ಜೋಡಿಸುವ ಸಸ್ಪೆನ್ಶನ್) ಹಿಂಬದಿಯ ಕೇಟರ್‌ಹ್ಯಾಮ್‌ನಲ್ಲಿ ಎ-ಫ್ರೇಮ್ (ಹಿಂಬದಿ ಪಕ್ಕಕ್ಕೆ ಸರಿಯದಂತೆ ಹಿಡಿಯುವ ತೋಳು) ಬುಷ್ ಬೇಗ ಸವೆಯುತ್ತೆ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿ, ಬೆನ್ನ ಹಿಂದೆ ಟಕ್ ಅಂದರೆ ಅದೇ. ಬುಷ್ ಬದಲಿಸೋದು ಸಣ್ಣ ಕೆಲಸ, ಆದರೆ ಎ-ಫ್ರೇಮ್ ಕೂರುವ ಚಾಸಿ ಬ್ರ್ಯಾಕೆಟ್ ಬಿರುಕು ಬಿಟ್ಟಿದ್ದರೆ ಅದು ವೆಲ್ಡಿಂಗ್ ಕೆಲಸ. ಇನ್ನೂ ಹಳೆಯ, ಮಾರಿಸ್ ಐಟಲ್ ಆಕ್ಸಲ್ ಇರುವ ಕಾರಾದರೆ ಎ-ಫ್ರೇಮ್ ಸೇರುವ ಡಿಫ್ ಕೇಸಿನ ತಳ ನೋಡಿ. ಕಾರಿನ ಅಡ್ಡಬಲವೆಲ್ಲ ಅಲ್ಲೇ ಬೀಳೋದರಿಂದ ಕೇಸ್ ಬಾಗಿ ಎಣ್ಣೆ ಸೋರುತ್ತೆ.

ಕೆ-ಸೀರೀಸ್ ಹಗುರ ಎಂಜಿನ್, ಸ್ಟ್ಯಾಂಡರ್ಡ್ 1.6 ಸುಮಾರು 115 ಬಿಎಚ್‌ಪಿ ಕೊಡುತ್ತೆ, 550 ಕೆಜಿ ಕಾರಿಗೆ ಅದು ಧಾರಾಳ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲು) ಹಾಳಾಗುವ ಕಥೆ ಎಲ್ಲರಿಗೂ ಗೊತ್ತು, ಕಾರಣ ಕೆಲವರಿಗೆ ಮಾತ್ರ. ಎಂಜಿನ್ನಿನಲ್ಲಿ ಕೂಲಂಟ್ ಕಡಿಮೆ, ಥರ್ಮೋಸ್ಟ್ಯಾಟ್ ನೀರು ಒಳಬರುವ ಬದಿಯಲ್ಲಿದೆ. ಅದು ತೆರೆದಾಗ ರೇಡಿಯೇಟರಿನ ತಣ್ಣೀರು ಬಿಸಿ ಎಂಜಿನ್ನಿಗೆ ಒಮ್ಮೆಲೇ ನುಗ್ಗುತ್ತೆ, ಹೆಡ್ ಮತ್ತು ಬ್ಲಾಕ್ ಬೇರೆ ಬೇರೆ ವೇಗದಲ್ಲಿ ಕುಗ್ಗುತ್ತವೆ. ಹಳೇ ಎಂಜಿನ್ನುಗಳಲ್ಲಿ ಹೆಡ್ಡನ್ನು ಜಾಗದಲ್ಲಿ ಹಿಡಿಯುವ ಡೋವೆಲ್ಲೂ (ಸಣ್ಣ ಗೂಟ) ಪ್ಲಾಸ್ಟಿಕ್ಕಿನವು. ನೀವು ಹೋಗುವ ಮುಂಚೆ ಎಂಜಿನ್ ಬಿಸಿ ಮಾಡಬೇಡಿ ಅಂತ ಮಾರುವವರಿಗೆ ಹೇಳಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಡಿಯಿರಿ. ಒಂದು ನಿಮಿಷದೊಳಗೆ ಅದು ಗಟ್ಟಿಯಾದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಹೋಗ್ತಿದೆ. ಸ್ಟೀಲ್ ಡೋವೆಲ್ ಮತ್ತು ಬಹುಪದರದ ಉಕ್ಕಿನ ಗ್ಯಾಸ್ಕೆಟ್ ಹಾಕಿದ ಬಿಲ್ ಇದ್ದರೆ ಆ ಕಾರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಟೈಮಿಂಗ್ ಬೆಲ್ಟ್ ಲೆಕ್ಕ ಮೈಲಿಯಲ್ಲಿ ಬೇಡ, ವರ್ಷದಲ್ಲಿ ಹಾಕಿ. ವರ್ಷಕ್ಕೆ ಸಾವಿರ ಮೈಲಿ ಓಡುವ ಕಾರಿನ ಬೆಲ್ಟೂ ಹಳತಾಗುತ್ತೆ.

ಝೀಟೆಕ್ ತೂಕ ಜಾಸ್ತಿ, ತಲೆನೋವು ಕಮ್ಮಿ. ಅಲ್ಲಿ ನೋಡಬೇಕಾದ್ದು ಸಂಪ್, ಅಂದ್ರೆ ಎಂಜಿನ್ನಿನಡಿಯ ಎಣ್ಣೆ ತಟ್ಟೆ. ಮುಂದಿನ ಚಕ್ರ ಓಡಿಸುವ ಕಾರಿಗೆ ಮಾಡಿದ ಎಂಜಿನ್ ಇದು, ಸೆವೆನ್‌ನೊಳಗೆ ಕೂರಿಸೋಕೆ ಸಂಪ್ ಕತ್ತರಿಸಿ ಗಿಡ್ಡ ಮಾಡಿರ್ತಾರೆ. ಒಳಗೆ ಬ್ಯಾಫಲ್ (ಎಣ್ಣೆ ಸರಿಯದಂತೆ ತಡೆಯುವ ಹಲಗೆ) ಇಲ್ಲದಿದ್ದರೆ ಟ್ರ್ಯಾಕಿನ ಉದ್ದನೆ ತಿರುವಿನಲ್ಲಿ ಎಣ್ಣೆ ಒಂದು ಕಡೆ ಸರಿದು ಪಂಪ್ ಗಾಳಿ ಎಳೆಯುತ್ತೆ, ಬಿಗ್ ಎಂಡ್ ಬೇರಿಂಗ್ ಹೋಗುತ್ತೆ. ಸಂಪ್ ತಳದಲ್ಲಿ ಗೀರು, ತಗ್ಗು ಇದೆಯಾ ಕೈಯಾಡಿಸಿ ನೋಡಿ.

ಇನ್ನೊಂದು ಮಾತು: 2021ರ ಸೆಪ್ಟೆಂಬರಿನಿಂದ ಇಲ್ಲಿನ ಸಾಮಾನ್ಯ ಪೆಟ್ರೋಲ್ ಇ10 (ಶೇ. 10ರವರೆಗೆ ಎಥನಾಲ್ ಬೆರೆತದ್ದು). ಹಳೇ ರಬ್ಬರ್ ಪೆಟ್ರೋಲ್ ಹೋಸುಗಳು ಅದಕ್ಕೆ ಮೆತ್ತಗಾಗಿ ಬಿರುಕು ಬಿಡುತ್ತವೆ. ಹೋಸ್ ಬಾಗಿಸಿ ನೋಡಿ, ಸಂಶಯವಿದ್ದರೆ ಕೊಂಡ ವಾರವೇ ಎಲ್ಲಾ ಬದಲಿಸಿ.

ಹೊಸಬ_ಎಂಕೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹತ್ತಿರದಲ್ಲೇ ಒಂದು ಜಾಹೀರಾತು ಸಿಕ್ಕಿದೆ: ವೆಸ್ಟ್‌ಫೀಲ್ಡ್, 2.0 ಝೀಟೆಕ್, 9,500 ಪೌಂಡ್. 2003ರಲ್ಲಿ ಕಟ್ಟಿದ್ದಂತೆ. ವಿ5ಸಿಯಲ್ಲಿ (ಇಲ್ಲಿನ ನೋಂದಣಿ ಪತ್ರ) ಮಾತ್ರ "ಫೋರ್ಡ್ ಸಿಯೆರಾ" ಅಂತಿದೆ. "ಎಲ್ಲಾ ಕಿಟ್ ಕಾರೂ ಹಾಗೇ, ಎಂಒಟಿ (ವಾರ್ಷಿಕ ಸುಸ್ಥಿತಿ ಪರೀಕ್ಷೆ) ಪಾಸಾಗ್ತಿದೆ" ಅಂತಾರೆ. ಬೆಲೆ ನೋಡಿದರೆ ಆಸೆ ಆಗ್ತಿದೆ.

ಲಾಗ್‌ಬುಕ್:

ಬೇಡ ಸರ್. ಇದನ್ನು ಬಿಟ್ಟುಬಿಡಿ.

1998ರ ಮಧ್ಯದಿಂದ ಕೈಯಾರೆ ಕಟ್ಟಿದ ಕಾರುಗಳಿಗೆ ನೋಂದಣಿಗೆ ಮುಂಚೆ ಪಾಸಾಗಬೇಕಾದ ಎಸ್‌ವಿಎ ಪರೀಕ್ಷೆ ಬಂತು, 2009ರಿಂದ ಅದರ ಜಾಗದಲ್ಲಿ ಐವಿಎ. 2003ರಲ್ಲಿ ಹೊಸ ಚಾಸಿ ಮೇಲೆ ಕಟ್ಟಿದ ಕಾರಿಗೆ ಎಸ್‌ವಿಎ ಪ್ರಮಾಣಪತ್ರ ಇರಲೇಬೇಕು, ವಿ5ಸಿಯಲ್ಲಿ ವೆಸ್ಟ್‌ಫೀಲ್ಡ್ ಅಂತ ಬಂದಿರಬೇಕು. ಸಿಯೆರಾ ಅಂತಲೇ ಉಳಿದಿದೆ ಅಂದ್ರೆ ಗುಜರಿಗೆ ಹೋದ ಸಿಯೆರಾದ ನಂಬರನ್ನೇ ಹೊಸ ಕಾರಿಗೆ ಹಾಕಿ ಪರೀಕ್ಷೆ ತಪ್ಪಿಸಿರುವ ಸಾಧ್ಯತೆ ಬಹಳ. ಎಂಒಟಿ ನೋಡೋದು ಬ್ರೇಕ್, ಲೈಟ್, ಟೈರ್ ಇತ್ಯಾದಿ ಸುಸ್ಥಿತಿಯನ್ನು. ಕಾರು ಯಾವುದು ಅನ್ನೋದನ್ನು ಅದು ಇತ್ಯರ್ಥ ಮಾಡಲ್ಲ. ಡಿವಿಎಲ್ಎ (ಇಲ್ಲಿನ ವಾಹನ ನೋಂದಣಿ ಸಂಸ್ಥೆ) ಗಮನಕ್ಕೆ ಬಂದ ದಿನ ನೋಂದಣಿ ರದ್ದು ಮಾಡಿ ಐವಿಎಗೆ ಕಳಿಸಬಹುದು, ಅಪಘಾತವಾದರೆ ವಿಮೆಯವರು ತಕರಾರು ತೆಗೀತಾರೆ. ಬೆಲೆ ಕಮ್ಮಿ ಇರೋದು ಅದಕ್ಕೇ.

ಹಳೇ ಕಾರನ್ನು ಈಗ ಐವಿಎ ಮಾಡಿಸೋದು ಸುಲಭದ ಮಾತಲ್ಲ. 100 ಮಿಮೀ ಚೆಂಡು ತಾಗುವ ಹೊರಗಿನ ಅಂಚುಗಳ ತ್ರಿಜ್ಯ 2.5 ಮಿಮೀಗಿಂತ ಕಡಿಮೆ ಇರಬಾರದು, ಸದ್ದು 99 ಡೆಸಿಬೆಲ್ ಮೀರಬಾರದು, ತಿರುವಿನಲ್ಲಿ ಕೈಬಿಟ್ಟರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಬೇಕು. ಕ್ಯಾಸ್ಟರ್ (ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆ ಇರುವ ಹಗುರ ಕಾರುಗಳು ಈ ಕೊನೆಯದರಲ್ಲೇ ಹೆಚ್ಚು ಫೇಲಾಗೋದು. ನೀವೇ ಕಟ್ಟೋದಾದರೂ ಇವೆಲ್ಲ ನಿಮ್ಮ ತಲೆಗೇ ಬರುತ್ತೆ ಅಂತ ನೆನಪಿರಲಿ.

ಯಾವ ಕಾರಾದರೂ ಚಾಸಿಯಲ್ಲಿ ಕೊರೆದ ನಂಬರ್ ವಿ5ಸಿಗೆ ಅಕ್ಷರ ಅಕ್ಷರ ಹೊಂದಬೇಕು. ಕಟ್ಟುವಾಗಿನ ಫೋಟೋ, ಕಿಟ್ ಬಿಲ್, ಎಸ್‌ವಿಎ ಇಲ್ಲವೇ ಐವಿಎ ಪತ್ರ ಇರುವ ಫೈಲ್ ಕೇಳಿ. ಕ್ಯೂ ಪ್ಲೇಟ್ ಕಂಡರೆ ಹೆದರಬೇಡಿ, ಭಾಗಗಳ ವಯಸ್ಸು ಸಾಬೀತಾಗದ ಕಾರಿಗೆ ಕಾನೂನುಬದ್ಧವಾಗಿ ಕೊಡುವ ನಂಬರ್ ಅದು. ಮಾರುವಾಗ ಬೆಲೆ ಸ್ವಲ್ಪ ಕಮ್ಮಿ ಬರುತ್ತೆ ಅಷ್ಟೆ. ಮುಂಗಡ ಕೊಡುವ ಮೊದಲು ಕಿಟ್ ಕಾರು ತಿಳಿದ ಬ್ರೋಕರಿಂದ ಇನ್ಶೂರೆನ್ಸ್ ಕೋಟ್ ತಗೊಳ್ಳಿ, "ಅಗ್ರೀಡ್ ವ್ಯಾಲ್ಯೂ" (ಕಾರಿನ ಬೆಲೆ ಮೊದಲೇ ಒಪ್ಪಿಕೊಂಡು ಬರೆಯುವ) ಪಾಲಿಸಿಯನ್ನೇ ಕೇಳಿ. ಸಾಮಾನ್ಯ ಪಾಲಿಸಿಯಲ್ಲಿ ಟ್ರ್ಯಾಕ್ ಡೇ ಸೇರಿರಲ್ಲ.

ಬೆಂಗಳೂರಿನ ಆಸೆ ಈಗಲೇ ಬಿಡಿ. ಹಳೇ ಕಾರು ಆಮದಿಗೆ ಮೂರು ವರ್ಷ ದಾಟಿರಬಾರದು, ಬರಬೇಕಾದ್ದು ಮುಂಬೈ ಬಂದರಿಗೇ. ನಿಮ್ಮ ಪಟ್ಟಿಯ ಯಾವ ಕಾರೂ ಆ ವಯಸ್ಸಿನದಲ್ಲ. ಅಲ್ಲಿ ಹೋಗಿ ಕಟ್ಟೋಣ ಅಂದರೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಸ್ಪಷ್ಟ ಮಾಡಿದೆ. ಹೊರಡುವ ಮುಂಚೆ ಇಲ್ಲೇ ಮಾರಿ, ಕಾಗದ ಸರಿಯಿರುವ ಕೇಟರ್‌ಹ್ಯಾಮ್‌ಗೆ ಗಿರಾಕಿ ಸಿಗೋದು ಕಷ್ಟವಲ್ಲ.

ಸ್ಪ್ಯಾನರ್_ಪೆಟ್ಟಿಗೆ:

ಬೈಕ್ ಎಂಜಿನ್ ಬಗ್ಗೆ ಯಾರೂ ಹೇಳಲಿಲ್ಲ. ಹಾಯಾಬುಸಾ, ಆರ್1 ಹಾಕಿದ ಕಾರುಗಳು ಟ್ರ್ಯಾಕಿಗೆ ಅದ್ಭುತ. ಆದರೆ ಬೈಕ್ ಗೇರ್ ಬಾಕ್ಸಿನಲ್ಲಿ ರಿವರ್ಸ್ ಇಲ್ಲ, ಬೇಕಾದರೆ ಬೇರೆ ಪೆಟ್ಟಿಗೆಯೋ ಎಲೆಕ್ಟ್ರಿಕ್ ಮೋಟಾರೋ ಹಾಕಿಸಬೇಕು. ಟಾರ್ಕ್ ಎಲ್ಲಾ ಮೇಲಿನ ಆರ್‌ಪಿಎಮ್‌ನಲ್ಲಿರೋದರಿಂದ ಟ್ರಾಫಿಕ್ಕಿನಲ್ಲಿ ಕ್ಲಚ್ ಬೇಗ ಸುಡುತ್ತೆ. ಭಾನುವಾರದ ಹಳ್ಳಿ ರಸ್ತೆಗೆ, ಮೊದಲ ಕಾರಿಗೆ ನಾನು ಅದನ್ನು ಹೇಳಲ್ಲ. ನಿಮ್ಮ ಅಳತೆಗೆ ಒಗ್ಗಿದರೆ ನೆಲ ತಗ್ಗಿಸಿದ 1.6 ಕೇಟರ್‌ಹ್ಯಾಮ್, ಒಗ್ಗದಿದ್ದರೆ ಅಗಲ ಚಾಸಿಯ ವೆಸ್ಟ್‌ಫೀಲ್ಡ್.

ಟೈರಿನ ಪಕ್ಕದ ಡಾಟ್ ಕೋಡ್ ಮರೀಬೇಡಿ. ಕೊನೆಯ ನಾಲ್ಕು ಅಂಕಿ 2316 ಅಂದ್ರೆ 2016ರ 23ನೇ ವಾರ. ಇಂಥ ಕಾರಿನ ಟೈರ್ ಸವೆಯೋ ಮುಂಚೆ ಗಟ್ಟಿಯಾಗುತ್ತೆ, ಮಳೆಯಲ್ಲಿ ಹಿಡಿತ ಇರಲ್ಲ. ಏಳು ವರ್ಷ ದಾಟಿದ್ದರೆ ಹೊಸ ನಾಲ್ಕರ ಬೆಲೆ ಚೌಕಾಸಿಯಲ್ಲಿ ಕಳೆಯಿರಿ. ಕೊಂಡ ಮೇಲೆ ಟೈರ್ ಅಂಗಡಿಯವರು ಅಭ್ಯಾಸಬಲದಿಂದ 30 ಪಿಎಸ್ಐ ತುಂಬಿಬಿಡ್ತಾರೆ. 550 ಕೆಜಿ ಕಾರಿಗೆ ತಣ್ಣಗಿರುವಾಗ 18ರ ಆಸುಪಾಸು ಸಾಕು. ಜಾಸ್ತಿಯಾದರೆ ಟೈರ್ ನಡುಪಟ್ಟಿಯಲ್ಲಿ ಮಾತ್ರ ನೆಲ ಮುಟ್ಟಿ ಕಾರು ಉಬ್ಬುತಗ್ಗಿನಲ್ಲಿ ಹಾರಾಡುತ್ತೆ. ಅಲೈನ್‌ಮೆಂಟ್ ಮತ್ತು ಕಾರ್ನರ್ ವೇಯ್ಟ್ (ನಾಲ್ಕು ಚಕ್ರಗಳ ಮೇಲಿನ ತೂಕ ಹೊಂದಿಸೋದು) ಮಾಡಿಸುವಾಗ ನೀವೇ ಸೀಟಿನಲ್ಲಿ ಕೂರಿ, ಇಲ್ಲಾ 92 ಕೆಜಿ ಮರಳು ಮೂಟೆ ಇಡಿಸಿ. ಖಾಲಿ ಕಾರಿಗೆ ಹೊಂದಿಸಿದ ಅಳತೆ ನೀವು ಕೂತ ಕೂಡಲೇ ತಪ್ಪುತ್ತೆ.