ಜನವರಿಯಲ್ಲಿ ಕೇದಾರಕಂಠ: ಹಿಮಕುಸಿತದ ಬಗ್ಗೆ ಏನು ನೋಡಿಕೊಳ್ಳಬೇಕು?

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಮ್ಮ ಜನವರಿ ಮೂರನೇ ವಾರ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಿದ್ದೇವೆ. ದುಡ್ಡೂ ಕಟ್ಟಿ ಆಗಿದೆ. ಸ್ಕಂದಗಿರಿ ಹತ್ತಿ ಹತ್ತಿ ಕಾಲು ಗಟ್ಟಿಯಾಗಿದೆ, ಆದರೆ ಹಿಮ ಇಬ್ಬರೂ ನೋಡಿಲ್ಲ. 2024ರ ಜೂನ್‌ನಲ್ಲಿ ಸಹಸ್ರತಾಲ್‌ಗೆ ಕರ್ನಾಟಕದಿಂದ ಹೋದವರಲ್ಲಿ 9 ಜನ ತೀರಿಕೊಂಡರಲ್ಲ, ಅದು ಅಮ್ಮನ ಮನಸ್ಸಿನಲ್ಲಿ ಹಾಗೇ ಕೂತಿದೆ. ಟ್ರೆಕ್ ಕಂಪನಿಯವರನ್ನು ಕೇಳಿದರೆ "ಏನೂ ಆಗಲ್ಲ ಮೇಡಂ" ಅಂದರು, ಅಷ್ಟೇ. ನನಗೆ ಸಮಾಧಾನ ಆಗಲಿಲ್ಲ. ಗೊತ್ತಿರುವವರು ಹೇಳಿ.

ಏಕಶಿಲೆ, ಮಧುಗಿರಿ:
ನೋಡಮ್ಮ, ನಾನು ಸೇನೆಯಲ್ಲಿದ್ದವನು. ಕಾಶ್ಮೀರದ ಎತ್ತರದ ಪೋಸ್ಟ್‌ಗಳಲ್ಲಿ ಮೂರು ಚಳಿಗಾಲ ಕಳೆದಿದ್ದೇನೆ. ಸಹಸ್ರತಾಲ್‌ನಲ್ಲಿ ಆಗಿದ್ದು ಹಿಮಗಾಳಿ. ದಾರಿ ಕಾಣದೆ ಚಳಿಗೆ ಸಿಕ್ಕಿಕೊಂಡರು. ಹಿಮಕುಸಿತ ಬೇರೆ. ಇಳಿಜಾರಿನ ಮೇಲೆ ಕೂತಿದ್ದ ಹಿಮ ಒಮ್ಮೆಲೇ ಜಾರಿ ಬರುವುದು ಅದು.

ಓರೆಯಾಗಿಟ್ಟ ಹಲಗೆ ಮೇಲೆ ರಾಗಿ ಹರಡಿ, ಅದರ ಮೇಲೆ ಇನ್ನೊಂದು ಹಲಗೆ ಇಡಿ. ಸ್ವಲ್ಪ ಒತ್ತಿದರೆ ಸಾಕು, ಸರ್ ಅಂತ ಜಾರುತ್ತದೆ. ಅಲ್ಲೂ ಹಾಗೇ. ಒಳಗಿನ ಹಳೇ ಹಿಮ ಸಕ್ಕರೆಯ ಹಾಗೆ ಬಿಡಿಬಿಡಿಯಾಗಿರುತ್ತದೆ. ಮೇಲೆ ಬಿದ್ದ ಹೊಸ ಹಿಮ ಗಾಳಿಗೆ ಒತ್ತಿಕೊಂಡು ಚಪ್ಪಡಿ ಆಗುತ್ತದೆ. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರ ವಿಷಯದಲ್ಲಿ ಆ ಚಪ್ಪಡಿ ಕದಲಿಸಿದ್ದು ಅವರದೇ ಕಾಲು, ಇಲ್ಲವೇ ಜೊತೆಯವರ ಕಾಲು.

ಬಹಳಷ್ಟು ಜಾರುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಿಮ್ಮ ಮಹಡಿ ಮೆಟ್ಟಿಲು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಮೊಬೈಲ್‌ನಲ್ಲಿ ಅಳೆದು ಕಣ್ಣಿಗೆ ರೂಢಿ ಮಾಡಿಕೊಳ್ಳಿ. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ತಲೆ ಮೇಲೆ ಏನಿದೆ ನೋಡಿ. ಜೋರಾಗಿ ಹಿಮ ಬಿದ್ದ ಮೇಲೆ ಮೊದಲ 24ರಿಂದ 48 ಗಂಟೆ ತುಂಬಾ ಕೆಟ್ಟದ್ದು. ಬಿಸಿಲು ಬಂತು, ಫೋಟೊ ಚೆನ್ನಾಗಿ ಬರುತ್ತೆ ಅಂತ ಜನ ಹೊರಡುವುದೂ ಆಗಲೇ.

ಕಾಲಿಟ್ಟಾಗ ಒಳಗಿಂದ 'ಧುಮ್' ಅಂದರೆ, ಬಿರುಕು ಓಡಿದರೆ, ಪಕ್ಕದ ಗುಡ್ಡದಲ್ಲಿ ಹೊಸದಾಗಿ ಜಾರಿದ ಗುರುತಿದ್ದರೆ ವಾಪಸ್. ಆ ಸದ್ದು ನಾನು ಒಮ್ಮೆ ಕೇಳಿದ್ದೇನೆ. ಮುಂದಿದ್ದ ಹವಾಲ್ದಾರರು ಕೈ ಎತ್ತಿದರು. ಎಲ್ಲರೂ ಬಂದ ಹೆಜ್ಜೆಯಲ್ಲೇ, ಒಬ್ಬೊಬ್ಬರಾಗಿ, ದೂರ ದೂರ ಬಿಟ್ಟು ಹಿಂದಕ್ಕೆ ಬಂದೆವು. ಸಂಜೆ ನೋಡಿದರೆ ಆ ಇಳಿಜಾರಿನಲ್ಲಿ ಬರೀ ಬಂಡೆ.

ಅಂತರಗಂಗೆ, ಕೋಲಾರ:
ಸರ್ ಹೇಳಿದ್ದು ಸರಿ, ಆದರೆ ತಂಗಿ ಜಾಸ್ತಿ ಹೆದರುವುದು ಬೇಡ. ನಾನು ಹೋಗಿ ಬಂದಿದ್ದೇನೆ. ನಡಿಗೆ ಶುರುವಾಗುವ ಸಾಂಕ್ರಿ ಹಳ್ಳಿಯಿಂದ ದಾರಿ ಹೆಚ್ಚಾಗಿ ಕಾಡಿನಲ್ಲೇ ಇದೆ. ಶಿಖರ 12,500 ಅಡಿ, ಕೊನೆಯ ಏರು ಮಾತ್ರ ಬಯಲು. ಚಂಡೀಗಢದ ಡಿಜಿಆರ್‌ಇ, ಅದು ರಕ್ಷಣಾ ಸಂಶೋಧನೆಯ ಡಿಆರ್‌ಡಿಓ ಲ್ಯಾಬ್, ಚಳಿಗಾಲದಲ್ಲಿ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ. ಉತ್ತರಕಾಶಿ ಜಿಲ್ಲೆಯದು ನೋಡಿಕೊಳ್ಳಿ.

ಏಕಶಿಲೆ, ಮಧುಗಿರಿ:
ಕಾಡು ಒಳ್ಳೆಯದೇ, ಮರ ದಟ್ಟವಾಗಿದ್ದರೆ ಹಿಮ ಹಿಡಿದುಕೊಳ್ಳುತ್ತದೆ. ಆದರೆ ಮೇಲಿನ ಬಯಲಿನಲ್ಲಿ ಶುರುವಾದದ್ದು ಮರ ಮುರಿದುಕೊಂಡೇ ಬರುತ್ತದೆ. ಆ ಕೊನೆಯ ಏರೇ ನನ್ನ ಚಿಂತೆ. ಎಚ್ಚರಿಕೆ 1ರಿಂದ 5ರವರೆಗೆ ಇರುತ್ತದೆ, 5 ಅಂದರೆ ಅತಿ ಹೆಚ್ಚು ಅಪಾಯ. 3 ಅಂದರೆ ಮಧ್ಯದ್ದು, ಪರವಾಗಿಲ್ಲ ಅಂದುಕೊಳ್ಳಬೇಡಿ.

ಇನ್ನೊಂದು ಮಾತು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹೂತುಹೋದ ನಮ್ಮ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕಿದರು, ಕೊನೆಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಅಷ್ಟು ದಿನ ಉಸಿರು ಹಿಡಿದದ್ದು ತೀರಾ ಅಪರೂಪ. ಹತ್ತು ಹದಿನೈದು ನಿಮಿಷದೊಳಗೆ ಹೊರಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಅಷ್ಟರಲ್ಲಿ ಕೆಳಗಿಂದ ಯಾರೂ ಬರುವುದಿಲ್ಲ. ನಿನ್ನನ್ನು ಅಗೆಯಬೇಕಾದವನು ನಿನ್ನ ತಮ್ಮ. ಪ್ರತಿಯೊಬ್ಬರಿಗೂ ಬೀಕನ್ (ಹೂತುಹೋದವರು ಎಲ್ಲಿದ್ದಾರೆ ಅಂತ ಸಿಗ್ನಲ್‌ನಿಂದ ತೋರಿಸುವ ಸಾಧನ), ಚುಚ್ಚಿ ನೋಡುವ ಕೋಲು, ಸಲಿಕೆ ಕೊಡುತ್ತಾರಾ, ಬಳಸುವುದನ್ನು ಕಲಿಸುತ್ತಾರಾ, ಹಿಮ ಬಿದ್ದರೆ ಒಂದು ದಿನ ಕಾಯುತ್ತಾರಾ ಕೇಳಮ್ಮ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ಇವತ್ತು ಕೇಳಿದೆ ಸರ್. ಬೀಕನ್ ಗೈಡ್ ಹತ್ತಿರ ಮಾತ್ರ ಇರುತ್ತಂತೆ. ಕಾಯುವ ದಿನ ಇಲ್ಲವಂತೆ. ಅಲ್ಲಿಂದ ದುಡ್ಡು ವಾಪಸ್ ಕೇಳಿದ್ದೇನೆ, ಎಷ್ಟು ಬರುತ್ತೋ ಬರಲಿ. ಕಾಯುವ ದಿನ ಕೊಡುವ ಬೇರೆಯವರನ್ನು ಹುಡುಕುತ್ತಿದ್ದೇವೆ, ವಾಪಸ್ ಬರುವ ರೈಲು ಟಿಕೆಟ್ ಎರಡು ದಿನ ಮುಂದಕ್ಕೆ ಹಾಕಿದ್ದೇವೆ. ತಮ್ಮ ಈಗ ಮಹಡಿ ಮೆಟ್ಟಿಲು ಅಳೆಯುತ್ತಿದ್ದಾನೆ. 34 ಡಿಗ್ರಿ ಬಂತು.