ಅಪ್‌ಡೇಟ್: ಮೇವು ಬಿಟ್ಟಿದ್ದ ಕತ್ತೆ ಈಗ ತಿಂತಿದೆ

ಕಾಡ್ಗಿಚ್ಚಿಂದ ತಪ್ಪಿಸ್ಕೊಂಡು ನಮ್ಮ ರೆಸ್ಕ್ಯೂಗೆ ಬಂದ ಮುದಿ ಕತ್ತೆ ಮೇವು ಮುಟ್ತಿಲ್ಲ, ಕುದುರೆಗಳು ಕೆಮ್ತಿವೆ, ಏನ್ ಮಾಡ್ಲಿ ಅಂತ ಕೇಳಿದ್ನಲ್ಲ, ಅದರ ಅಪ್‌ಡೇಟ್. ಒಂದಿನ ಕಾದು ನೋಡೋಣ ಅಂದ್ಕೊಂಡಿದ್ದೆ, ಪುಣ್ಯಕ್ಕೆ ಕಾಯ್ಲಿಲ್ಲ. ಡಾಕ್ಟ್ರು ರಕ್ತ ಟೆಸ್ಟ್ ಮಾಡಿದ್ರೆ ಕೊಬ್ಬಿನಂಶ ಸಿಕ್ಕಾಪಟ್ಟೆ ಏರಿತ್ತು, ಕತ್ತೆ ಊಟ ಬಿಟ್ರೆ ಮೈಯಲ್ಲಿರೋ ಕೊಬ್ಬು ಕರಗಿ ರಕ್ತಕ್ಕೆ ಬಂದು ಲಿವರ್‌ಗೆ ಹೊಡೆಯುತ್ತಂತೆ, ಕುದುರೆಗಿಂತ ಇವಕ್ಕೇ ಈ ಕಾಟ ಜಾಸ್ತಿ, ಅದ್ರಲ್ಲೂ ನೋವಿದ್ರೂ ತೋರಿಸ್ಕೊಳ್ದೆ ಸುಮ್ನೆ ನಿಂತಿರ್ತವೆ ನೋಡಿ. ಡ್ರಿಪ್ ಹಾಕಿ ಟ್ಯೂಬಲ್ಲಿ ಊಟ ಕೊಟ್ವಿ, ಆದ್ರೆ ತಾನಾಗೇ ಬಾಯಿ ಹಾಕಿದ್ದು ಅದರ ಜೊತೆಗಾತಿ ಕತ್ತೇನ ವಾಪಸ್ ಪಕ್ಕಕ್ಕೆ ಬಿಟ್ಮೇಲೆ (ಬೇರೆ ಮಾಡಿದ್ದು ನಾನೇ, ದಡ್ಡತನ).

ಕುದುರೆಗಳ ಕೆಮ್ಮು ಇಳಿದಿದೆ. ಧೂಳು ಏಳದ ಹಾಗೆ ಒಣಹುಲ್ಲು ನೆನೆಸಿ ಕೊಡ್ತಿದೀವಿ, 4ರಿಂದ 6 ವಾರ ಓಡಿಸೋ ಹಾಗಿಲ್ಲ. ಒಂದರ ಗೊರಸು ಮಾತ್ರ ಬಿಸಿ ಬೂದಿ ತುಳಿದು ಮೇಲಂಚಲ್ಲಿ ಸುಟ್ಟಿದೆ, ಉಳಿಯುತ್ತೋ ಕಳಚುತ್ತೋ ಗೊತ್ತಾಗೋಕೆ ಇನ್ನೂ ವಾರಗಟ್ಲೆ ಬೇಕು, ದಿನಾ ಎರಡು ಸಲ ಮುಟ್ಟಿ ನೋಡ್ತೀನಿ ಬಿಸಿ ಇದ್ಯಾ ಅಂತ.

ಮುದಿಯಮ್ಮ ಇವತ್ತು ಬೆಳಗ್ಗೆ ಅರಚಿ ಎಲ್ರನ್ನೂ ಎಬ್ಬಿಸ್ತು.